ಹನ್ನೊಂದನೆಯ ತೂತು

ಹನ್ನೊಂದನೆಯ ಮೊಟ್ಟೆಯ ತೂತಿಗೆ ಗೋಂದಣ್ಣ ಇನ್ನೇನು ಪ್ಲಾಸ್ಟರ್ ಮೆತ್ತಬೇಕು, ಹಿಂದಿನಿಂದ ಹೆಂಡತಿ ಅವನ ಮಣಿಕಟ್ಟು ಹಿಡಿದುಬಿಟ್ಟಳು.

"ರೀ, ಸ್ವಲ್ಪ ತಡೀರಿ. ಏನು ಮುಚ್ತಾ ಇದೀರ?"

"ಕಾಣ್ಸಲ್ವಾ? ತೂತು ಮುಚ್ತಾ ಇದೀನಿ. ನಾಲ್ಕು ಗಂಟೆಗೆ ಪ್ರದರ್ಶನದ ಉದ್ಘಾಟನೆ, ಜನ ಬರ್ತಾರೆ. ಊಟದ ಡಬ್ಬಿ ಅಲ್ಲಿಟ್ಟು ನೀನು ಹೊರಡು."

ಮ್ಯೂಸಿಯಂನಲ್ಲಿ ಅವನ ನಿಜವಾದ ಹೆಸರು ಎಲ್ಲರಿಗೂ ಮರೆತೇ ಹೋಗಿತ್ತು. ಮುರಿದ ಮೂಳೆಯಿರಲಿ, ಚೂರಾದ ಚಿಪ್ಪಿರಲಿ, ಗೆರೆ ಕಾಣದಂತೆ ಅಂಟಿಸಿಕೊಡುವವನು, ಹಾಗಾಗಿ ಗೋಂದಣ್ಣ. ಮೂರು ತಿಂಗಳಿಂದ ಅವನು ಈ ಡೈನೋಸಾರ್ ಗೂಡಿನ ಮುಂದೆಯೇ ಬೀಡುಬಿಟ್ಟಿದ್ದ. ಗೇಣುದ್ದದ, ಕಲ್ಲಾಗಿ ಹೋದ ಹನ್ನೊಂದು ಮೊಟ್ಟೆಗಳು. ಒಂದೊಂದಕ್ಕೂ ಒಂದೊಂದು ತೂತು. ಆ ತೂತಿನ ಜಾಗದ ಚೂರುಗಳು ಮಾತ್ರ ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ಅಗೆಯಲು ಹೋದವರೇ ಜೇಬಿಗಿಳಿಸಿದ್ದಾರೆ ಎಂದು ಕೂಗಾಡಿ, ಅವರ ಜತೆ ಮಾತು ಬಿಟ್ಟು, ಕೊನೆಗೆ ಹತ್ತು ಮೊಟ್ಟೆಗಳಿಗೆ ಪ್ಲಾಸ್ಟರಿನಲ್ಲೇ ಚಿಪ್ಪು ಮಾಡಿ, ಬಣ್ಣ ಹಚ್ಚಿ ಕೂರಿಸಿದ್ದ. ಅವನ ಕೈಯಿಂದ ಇದಕ್ಕಿಂತ ಒಳ್ಳೆಯ ಕೆಲಸ ಬಂದಿರಲಿಲ್ಲ. ಮುಂದಿನ ತಿಂಗಳು ನಿವೃತ್ತಿ, ಇನ್ನು ಬರುವ ಹಾಗೂ ಇರಲಿಲ್ಲ.

ಹೆಂಡತಿ ಹೊರಡಲಿಲ್ಲ. ಕೋಳಿಮೊಟ್ಟೆ ಮರಿ ಮಾಡಿಸುವ ಹ್ಯಾಚರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿರುವವಳು, ಮೊಟ್ಟೆ ಕಂಡರೆ ಸುಮ್ಮನೆ ದಾಟಿ ಹೋಗುವ ಜಾಯಮಾನ ಅವಳದಲ್ಲ. ಮೊಣಕಾಲೂರಿ ಕೂತು ತೂತಿನೊಳಗೆ ಒಂದು ಕಣ್ಣಿಟ್ಟಳು.

"ಉಳಿದ ಹತ್ತಕ್ಕೂ ತೂತು ಇಲ್ಲೇ ಇತ್ತಾ? ಈ ದಪ್ಪ ತುದೀಲೇ?"

"ಹೂಂ."

"ಹತ್ತಕ್ಕೂ?"

ಗೋಂದಣ್ಣ ಸಿಡುಕುತ್ತಲೇ ಡ್ರಾಯರ್ ಎಳೆದು, ರಿಪೇರಿಗೆ ಮುಂಚೆ ತೆಗೆದಿಟ್ಟ ಫೋಟೋಗಳನ್ನು ಮೇಜಿನ ಮೇಲೆ ಹಾಕಿದ. ಅವಳು ಒಂದೊಂದನ್ನೇ ಸಾಲಾಗಿ ಜೋಡಿಸಿದಳು. ಹತ್ತರಲ್ಲೂ ತೂತು ಅದೇ ತುದಿಯಲ್ಲಿತ್ತು.

"ಕಲ್ಲು ಬಿದ್ದು ಒಡೆದಿದ್ರೆ ಒಂದು ಇಲ್ಲಿ, ಒಂದು ಅಲ್ಲಿ ಒಡೀತಿತ್ತು. ಇದು ಒಳಗಿಂದ ಮರಿ ಸುತ್ತಲೂ ಒಡ್ಕೊಂಡು, ತುದಿ ಚಿಪ್ಪನ್ನ ಟೊಪ್ಪಿ ಥರ ಆಚೆ ತಳ್ಳಿ ಬಂದಿರೋದು ಕಣ್ರೀ. ಇಂಥ ಚಿಪ್ಪನ್ನ ದಿನಾ ಬೆಳಗ್ಗೆ ಬುಟ್ಟಿಗಟ್ಟಲೆ ಗುಡಿಸ್ತೀನಿ ನಾನು. ನೀವು ಮುಚ್ತಾ ಇರೋದು ಬಾಗಿಲು."

ಗೋಂದಣ್ಣ ತಿರುಗಿ ನೋಡಿದ. ಗೋಡೆಗೆ ಒರಗಿಸಿಟ್ಟಿದ್ದ ದೊಡ್ಡ ಬೋರ್ಡಿನ ಮೇಲೆ 'ಈ ಮರಿಗಳು ಹುಟ್ಟುವ ಮೊದಲೇ ಏಕೆ ಸತ್ತವು?' ಎಂಬ ಪ್ರಶ್ನೆಯೂ, ಅದರ ಕೆಳಗೆ ಪ್ರವಾಹ, ಕೆಸರು ಎಂದು ಹತ್ತು ಸಾಲಿನ ಉತ್ತರವೂ ಅಚ್ಚಾಗಿದ್ದವು. ಕೈಯಲ್ಲಿದ್ದ ಪ್ಲಾಸ್ಟರ್ ಗಟ್ಟಿಯಾಗುತ್ತಾ ಬರುತ್ತಿತ್ತು. ಬಾಯಿ ಮುಚ್ಚಿಕೊಂಡು ಇದೊಂದು ತೂತು ಮೆತ್ತಿಬಿಟ್ಟರೆ ಕೇಳುವವರು ಯಾರೂ ಇಲ್ಲ, ಜೀವಮಾನದ ಕೆಲಸವೂ ಉಳಿಯುತ್ತದೆ ಎಂಬ ಆಸೆ ಒಂದು ಗಳಿಗೆ ಮನಸ್ಸಿಗೆ ಬಂದಿದ್ದು ಸುಳ್ಳಲ್ಲ. ಮರುಗಳಿಗೆಯಲ್ಲೇ ಪ್ಲಾಸ್ಟರನ್ನು ಬಕೆಟ್ಟಿಗೆ ಎಸೆದು, ಎರಡೆರಡು ಮೆಟ್ಟಿಲು ಹಾರುತ್ತಾ ಡೈರೆಕ್ಟರ್ ಮೇಡಮ್ಮನ್ನು ಕರೆತರಲು ಓಡಿದ. ಅದಕ್ಕೆ ಮುಂಚೆ ಅವನು ಓಡಿದ್ದನ್ನು ಆ ಕಟ್ಟಡದಲ್ಲಿ ಯಾರೂ ಕಂಡಿರಲಿಲ್ಲ.

ಮೇಡಂ ಬಂದಾಗ ಎರಡೂಕಾಲು. ಎಲ್ಲ ಕೇಳಿಸಿಕೊಂಡು, ಗಡಿಯಾರ ನೋಡಿ, ಅವನ ಹೆಂಡತಿಯ ಕಡೆ ತಿರುಗಿದರು.

"ಮಣ್ಣಿನ ಭಾರಕ್ಕೆ ಕುಸಿದಿರ್ಬೋದಲ್ಲಮ್ಮಾ?"

"ಭಾರಕ್ಕೆ ಕುಸಿದಿದ್ರೆ ಚೂರು ಒಳಗೆ ಬೀಳ್ಬೇಕಿತ್ತು ಮೇಡಂ. ಒಳಗೆ ಸಿಕ್ತಾ ಅಂತ ಇವ್ರನ್ನೇ ಕೇಳಿ."

"ಒಂದು ಕಾಳಿನಷ್ಟೂ ಸಿಗ್ಲಿಲ್ಲ ಮೇಡಂ," ಎಂದ ಗೋಂದಣ್ಣ. "ಅಗೆದೋರನ್ನ ಸುಮ್ನೆ ಬೈದೆ ನಾನು. ತಪ್ಪು ನಂದೇ. ಬಾಗಿಲಿಗೆ ಮೂರು ತಿಂಗಳು ಗೋಡೆ ಕಟ್ಟಿದೀನಿ."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, ಫೋಟೋಗಳ ಮೇಲೆ ಬಗ್ಗಿದರು. ಬಗ್ಗಿದವರು ಬಹಳ ಹೊತ್ತು ಏಳಲೇ ಇಲ್ಲ. ಎದ್ದಾಗ ಅವರ ಮುಖ ರಿಸಲ್ಟ್ ನೋಡಿ ಬಂದ ಶಾಲಾ ಹುಡುಗಿಯ ಮುಖದಂತೆ ಕೆಂಪಾಗಿತ್ತು.

"ಯಾರೂ ಸತ್ತಿಲ್ಲ ಇಲ್ಲಿ. ಯಾರೂ ಸತ್ತಿಲ್ಲ," ಎಂದು ಎರಡು ಸಲ ಹೇಳಿ, ಆ ಭಾರದ ಬೋರ್ಡನ್ನು ತಾವೇ ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿದರು. "ಗೋಂದಣ್ಣ, ಒಂದೂವರೆ ಗಂಟೇಲಿ ಹತ್ತೂ ತೆಗೀತೀರಾ?"

ಅವನು ಸಣ್ಣ ಉಳಿ ಕೈಗೆತ್ತಿಕೊಂಡ. ಮೊದಲನೆಯ ಮೊಟ್ಟೆಗೆ ಉಳಿ ತಾಗಿಸುವಾಗ ತಾನೇ ಕೂರಿಸಿದ ಚಿಪ್ಪಿನ ಅಂಚು ಎಲ್ಲಿದೆ ಎಂದು ಅವನಿಗೇ ಗೊತ್ತಾಗಲಿಲ್ಲ. "ಅಯ್ಯೋ, ಎಷ್ಟು ಚೆನ್ನಾಗಿ ಮಾಡಿದೀರಿ," ಎಂದಳು ಹೆಂಡತಿ, ಟಾರ್ಚ್ ಹಿಡಿದು. ಎರಡನೆಯದಕ್ಕೆ ಕೈ ಹಗುರಾಯಿತು. ಐದನೆಯದು ತೆರೆಯುವಷ್ಟರಲ್ಲಿ ಗಂಡಹೆಂಡಿರು ಕಾರಣವಿಲ್ಲದೆ ನಗುತ್ತಿದ್ದರು. ಊಟದ ಡಬ್ಬಿಯನ್ನು ಯಾರೂ ಮುಟ್ಟಲಿಲ್ಲ.

ನಾಲ್ಕು ಗಂಟೆಗೆ ಬಾಗಿಲು ತೆಗೆದಾಗ ಗೋಂದಣ್ಣನ ಹುಬ್ಬಿನವರೆಗೂ ಬಿಳಿ ಪುಡಿ. ಮೊದಲು ಬಂದ ಮುಖ್ಯ ಅತಿಥಿಗಳು ಗಾಜಿನ ಮೇಲೆ ಬಗ್ಗಿ ಒಂದು ಮೊಟ್ಟೆ ನೋಡಿದರು, ಪಕ್ಕದ್ದು ನೋಡಿದರು, ಆಮೇಲೆ ನಿರಾಸೆಯಿಂದ ತಲೆಯೆತ್ತಿದರು.

"ಏನ್ರೀ ಇದು, ಒಂದರೊಳಗೂ ಮರಿ ಇಲ್ವಲ್ಲ?"

"ಇಲ್ಲ ಸಾರ್," ಎಂದ ಗೋಂದಣ್ಣ, ಎದೆಯುಬ್ಬಿಸಿ. "ಎಲ್ಲಾ ಆಚೆ ಹೋಗಿದಾವೆ."