ಕೆಡದ ಗಾಡಿ

ಹಿಮದ ಮೇಲೆ ಓಡುವ ರಿಸ್ತೆನಳ ಹೊಸ ಸ್ನೋಮೊಬೈಲಿಗೆ ಕೆಡಲು ಒಂದು ಕಾರಣವೂ ಇರಲಿಲ್ಲ. ಅದಕ್ಕೇ ಹೆಪ್ಪುಗಟ್ಟಿದ ಸರೋವರದ ನಡುವೆ ಗಾಡಿ ನಿಲ್ಲಿಸಿ, ಎರಡೂ ಸ್ಪಾರ್ಕ್ ಪ್ಲಗ್ಗುಗಳ ವೈರನ್ನು ತಾನೇ ಕಿತ್ತು, ಫ್ಲಾಸ್ಕಿನಿಂದ ಎರಡು ಮರದ ಬಟ್ಟಲಿಗೆ ಕಾಫಿ ಬಗ್ಗಿಸಿದಳು. ಹಿಂದೆ ಹಿಮಸಾರಂಗಗಳ ಮಂದೆ ಅಟ್ಟಿಕೊಂಡು ಅಸ್ಲಾಕ್ ತನ್ನ ಗಾಡಿಯಲ್ಲಿ ಬರುತ್ತಿದ್ದ.

ಅವಳ ಹಳೆಯ ಗಾಡಿ ವಾರಕ್ಕೊಮ್ಮೆಯಾದರೂ ಕೈಕೊಡುತ್ತಿತ್ತು. ಆಗೆಲ್ಲ ಅವನು ನಿಲ್ಲುತ್ತಿದ್ದ. ಕೈಗವಸು ಕಳಚಿ, ಒದ್ದೆ ಪ್ಲಗ್ಗನ್ನು ಕಂಕುಳಲ್ಲಿಟ್ಟು ಬಿಸಿ ಮಾಡುತ್ತ, ಅರ್ಧ ಗಂಟೆ ಹರಟುತ್ತಿದ್ದ. "ಹೊಸದು ತಗೊಳ್ಳೇ ಮಾರಾಯ್ತಿ" ಎಂದವನೂ ಅವನೇ.

"ಏನೇ, ಊರೆಲ್ಲ ಮೆರೆಸಿದ್ದೇ ಮೆರೆಸಿದ್ದು! ಇಷ್ಟು ಬೇಗ ಮಲಗಿಬಿಡ್ತಾ ನಿನ್ನ ರಾಣಿ?" ಎಂದ ಅಸ್ಲಾಕ್, ಪಕ್ಕದಲ್ಲಿ ಗಾಡಿ ನಿಲ್ಲಿಸಿ.

"ಏನಾಗಿದೆಯೋ ಗೊತ್ತಾಗ್ತಿಲ್ಲ ಕಣೋ. ಮೊದಲು ಕಾಫಿ ಕುಡಿ, ಆಮೇಲೆ ನೋಡು."

ಅವನು ಮೊದಲು ಎಂಜಿನ್ನಿನ ಮುಚ್ಚಳ ಎತ್ತಿದ. ಬಿಚ್ಚಿದ ವೈರುಗಳನ್ನು ನೋಡಿದ, ಅವಳ ಮುಖ ನೋಡಿದ. ಕೈಗವಸು ಕಳಚಲಿಲ್ಲ. ಎರಡನ್ನೂ ಒತ್ತಿ ಕೂರಿಸಿ ಸ್ಟಾರ್ಟರ್ ಹಗ್ಗ ಎಳೆದ. ಒಂದೇ ಎಳೆತಕ್ಕೆ ಎಂಜಿನ್ ಗುಡುಗಿತು.

"ಗಾಡಿಗೇನೂ ಆಗಿಲ್ಲ ರಿಸ್ತೆನ್" ಎಂದ ಮೆಲ್ಲಗೆ. "ಬರ್ತೀನಿ, ಮಂದೆ ಚದುರಿಬಿಡ್ತದೆ."

ಅವನ ಗಾಡಿಯ ಸದ್ದು ಆಚೆ ದಡದಲ್ಲಿ ಅಡಗುವಷ್ಟರಲ್ಲಿ ಬಟ್ಟಲುಗಳ ಮೇಲೆ ಮಂಜಿನ ಕೆನೆ ಕಟ್ಟಿತ್ತು. ನಷ್ಟವಾದದ್ದು ಎರಡು ಬಟ್ಟಲು ಕಾಫಿ, ಅರ್ಧ ಗಂಟೆಯ ಹರಟೆ.