ಅವ್ವನ ಬೋಗಾಣಿ

ಕಲಾಯಿ ಹಾಕುವಾಗ ಏಳುವ ನವಸಾಗರದ ಹೊಗೆ ಮೂಗಿಗೆ ಬಡಿದರೆ ಈಗಲೂ ನನ್ನ ಪಾತ್ರೆಯಂಗಡಿಯಲ್ಲಿ ಚೌಕಾಶಿ ಅರ್ಧಕ್ಕೇ ನಿಲ್ಲುತ್ತದೆ. ಪುಕ್ಕಟೆ ಕೆಲಸ ಒಪ್ಪುವ ಮುಂಚೆ ನಿಮ್ಮ ಮನೆಯ ಒಲೆ ನೋಡಿಕೊಳ್ಳಿ ಎಂದು ಗಿರಾಕಿಗಳಿಗೆ ಬುದ್ಧಿ ಹೇಳಿಬಿಡುತ್ತೇನೆ.

ಅಪ್ಪ ಸೊಲ್ಲಾಪುರ ರಸ್ತೆಯಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಇಬ್ರಾಹಿಂಪುರದಲ್ಲಿ ಯಾರ ಮನೆಯ ಲಗ್ನವಾದರೂ ಅಡುಗೆಯ ಹಂಡೆಗಳಿಗೆ ಅವನದೇ ಪುಕ್ಕಟೆ ಕಲಾಯಿ. ನಮ್ಮ ಮನೆಯ ಬೋಗಾಣಿ ಮಾತ್ರ ಕಲಾಯಿ ಹೋಗಿ ಹಸಿರುಗಟ್ಟಿತ್ತು. ಅದರಲ್ಲಿ ಹುಳಿ ಕುದಿಸುವಂತಿರಲಿಲ್ಲ.

"ಊರ ಹಂಡೆಗೆಲ್ಲಾ ಬೆಳ್ಳಿ, ನನ್ನ ಬೋಗಾಣಿಗೆ ಕಿಲುಬು," ಎನ್ನುತ್ತಿದ್ದಳು ಅವ್ವ.

ಒಂದು ರವಿವಾರ ಮಧ್ಯಾಹ್ನ ಅಪ್ಪ ಒಳಂಗಳದಲ್ಲಿ ಒಲೆ ಹೂಡಿದ. "ಇವತ್ತ ನಿಂದ ಪಾಳಿ, ತಾ ಇಲ್ಲೆ," ಎಂದ ಅವ್ವನಿಗೆ. ಬೋಗಾಣಿ ಕಾಯಿಸಿ, ನವಸಾಗರ ಉದುರಿಸಿ, ತವರ ಮುಟ್ಟಿಸಿದ. ಅರಳೆಯಿಂದ ಅರ್ಧ ಒರೆಸುವಷ್ಟರಲ್ಲಿ ಕೈ ನಿಂತಿತು. ದಣಿದಿದ್ದ ಅಪ್ಪ ಕೂತಲ್ಲೇ ಗೋಡೆಗೊರಗಿ ನಿದ್ದೆ ಹೋಗಿದ್ದ.

ಅವ್ವ ಇಕ್ಕಳದಿಂದ ಬೋಗಾಣಿ ಇಳಿಸಿದಳು. ಅರ್ಧ ಬೆಳ್ಳಗೆ, ಅರ್ಧ ಕಪ್ಪಗೆ.

"ಎಬ್ಬಸಲೇನವ್ವಾ?" ಎಂದೆ ನಾನು.

"ಸುಮ್ನಿರಬೇ."

ಆಗಲೇ ಓಣಿಯ ಹಿರಿಯ ಕಾಕಾ ಬಾಗಿಲಿಗೆ ಬಂದರು. "ಅದಾನೇನವಾ ನಿನ್ನ ಗಂಡ? ನಾಳೆ ನಮ್ಮನ್ಯಾಗ ಲಗ್ನ, ಹಂಡೆ ತಂದೀನಿ."

ಅವ್ವ ಹೊಸ್ತಿಲಿಗೆ ಅಡ್ಡ ನಿಂತಳು. "ಇಲ್ರಿ ಕಾಕಾ, ತಿಕೋಟಾಕ್ಕ ಹೋಗ್ಯಾರ."

ಅವಳ ಬೆನ್ನ ಹಿಂದೆ ಅಪ್ಪನ ಗೊರಕೆ ಕೇಳುತ್ತಿತ್ತು.

"ತಿಕೋಟಾದಾಗ ಚಲೋ ನಿದ್ದಿ ಹತ್ತೈತಿ. ಮಲಗಲಿ ಬಿಡವಾ," ಎಂದು ಕಾಕಾ ಹಂಡೆ ಹೊತ್ತು ಹಿಂದಿರುಗಿದರು.

ಸಂಜೆ ಎದ್ದ ಅಪ್ಪ ಮೊದಲು ಕೇಳಿದ್ದು, "ಯಾರರೆ ಬಂದಿದ್ರೇನು?"

"ಯಾರೂ ಇಲ್ಲ," ಎಂದಳು ಅವ್ವ.

ಅಪ್ಪ ಚಪ್ಪಲಿ ಮೆಟ್ಟಿದ. "ನಾಳೆ ಕಾಕಾನ ಮನ್ಯಾಗ ಲಗ್ನ ಐತಿ. ಹಂಡೆ ಹೆಂಗ ಅದಾವು ನೋಡಿ ಬರ್ತೀನಿ."

ಅವ್ವ ಅರ್ಧ ಕಲಾಯಿಯ ಬೋಗಾಣಿಯನ್ನು ಮೂಲೆಯಲ್ಲಿ ಬೋರಲು ಹಾಕಿದಳು.