ಹಾಸು ಆರುವ ಹೊತ್ತು

ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಬೇಸಿಗೆಯ ಬಿಸಿಗಾಳಿ ಎದ್ದಾಗ, ಸಾಯಣ್ಣನ ಸೀರೆ ಹಾಸು, ಮಗ್ಗಕ್ಕೇರಬೇಕಾದ ಉದ್ದ ಎಳೆಗಳ ಸಾಲು, ಗಂಜಿ ಕುಡಿದು ಓಣಿಯುದ್ದಕ್ಕೂ ಬಿಗಿದು ನಿಂತಿತ್ತು. ಹಸಿ ಇರುವಾಗಲೇ ಇಬ್ಬರು ಉದ್ದನೆಯ ಕುಂಚದ ಎರಡು ತುದಿ ಹಿಡಿದು ಎಳೆಗಳನ್ನು ಬಿಡಿಸಬೇಕು. ಇಲ್ಲವಾದರೆ ನೂಲು ಒಂದಕ್ಕೊಂದು ಅಂಟಿ ಹಾಸು ಹಾಳು. ಬರುತ್ತೇನೆಂದ ಜೊತೆಗಾರ ಬಂದಿರಲಿಲ್ಲ. ಗಾಳಿ ಮೇಲಿನ ತೇವ ಹೀರಿ, ನೂಲಿನ ಒಳಗಿನದನ್ನೂ ಎಳೆಯತೊಡಗಿತ್ತು. ಸಾಯಣ್ಣ ಒಬ್ಬನೇ ಅತ್ತಿಂದಿತ್ತ ಓಡುತ್ತಿದ್ದ.

"ನೀರು ಚಿಮುಕಿಸೋ ಮೂಳ! ನಿನ್ನ ಸಲುವಾಗಿ ಗಾಳಿ ನಿಲ್ತೈತೇನು?"

ಬೈದವಳು ಅವನ ಸತ್ತ ಅಣ್ಣನ ಹೆಂಡತಿ ಬುಚ್ಚಮ್ಮ; ಆಗಲೇ ಬಂದು ಕುಂಚದ ಇನ್ನೊಂದು ತುದಿ ಹಿಡಿದಿದ್ದಳು. ಅಣ್ಣನ ಮಗ್ಗವನ್ನು ಸಾಯಣ್ಣ ತನ್ನ ಮನೆಗೆ ಸಾಗಿಸಿದಾಗ ದಿನಾ ಬಾಗಿಲಿಗೆ ಬಂದು ಜಗಳ ತೆಗೆಯುತ್ತಿದ್ದವಳು ಅವಳು. ಕಳೆದ ಮಳೆಗಾಲದಲ್ಲಿ ಅವಳ ಮನೆಯ ಗೋಡೆ ಬಿದ್ದಾಗ ಅವನು ಕರೆಯದೆ ಹೋಗಿ ಕಟ್ಟಿಕೊಟ್ಟ. ಆಮೇಲೆ ಅವಳು ಸುಮ್ಮನಾದಳು. ಸಿಟ್ಟು ಇಳಿಯಿತೆಂದು ಸಾಯಣ್ಣ ನೆಮ್ಮದಿಯಾಗಿದ್ದ.

ಇಬ್ಬರ ಹೆಜ್ಜೆ ಕೂಡಿತು. ಕಡೆಯ ಎಳೆಯೂ ಬಿಡಿಸಿಕೊಂಡು, ಹಾಸು ಗಾಳಿಗೆ ಸಣ್ಣಗೆ ನಡುಗಿತು.

"ಅತ್ತಿಗೀ, ಪುಣ್ಯ ಕಟ್ಕೊಂಡ್ರಿ. ಚಹಾ ಕುಡಿದು ಹೋಗ್ರಿ."

"ಚಹಾ ಬ್ಯಾಡ." ಬುಚ್ಚಮ್ಮ ಕೈಯ ಗಂಜಿಯನ್ನು ಸೆರಗಿಗೆ ಒರೆಸಿಕೊಂಡಳು. "ನೀ ನನ್ನ ಗ್ವಾಡಿ ಎತ್ತಿಕೊಟ್ಟಿದ್ದಿ, ನಾ ನಿನ್ನ ಹಾಸು ಉಳಿಸೀನಿ. ಆ ಋಣ ಮುಟ್ಟಿತು. ಇಷ್ಟು ದಿನ ನಿನ್ನ ಹಂಗಿನಾಗ ಇದ್ದೆ, ಕೇಳಾಕ ಬಾಯಿ ಬರಲಿಲ್ಲ. ಈಗ ಹೇಳು, ನನ್ನ ಗಂಡನ ಮಗ್ಗ ಯಾವಾಗ ಕೊಡ್ತಿ?"